ಅರವತ್ತೆರಡು ಟೊಳ್ಳು ಟೈಲ್ಸು

ಇಂಜಿನಿಯರ್ ಸಾಹೇಬರ ಕಿವಿ ಎಂಥದ್ದೆಂದರೆ, ಮೂರನೇ ಮಹಡಿಯಲ್ಲಿ ಒಂದು ಇರುವೆ ಮಗ್ಗುಲು ಬದಲಿಸಿದರೆ ನೆಲಮಾಳಿಗೆಯಲ್ಲಿ ನಿಂತ ಅವರಿಗೆ ಅದು ಎಡಕ್ಕೆ ತಿರುಗಿತೋ ಬಲಕ್ಕೆ ತಿರುಗಿತೋ ಎಂಬುದು ಗೊತ್ತಾಗುತ್ತಿತ್ತು. ಇದನ್ನು ನಂಬದವರು ಜನ್ಮದಲ್ಲಿ ಟೈಲ್ಸ್ ಕೆಲಸ ಮಾಡಿದವರಲ್ಲ ಎಂದೇ ಅರ್ಥ. ಹಾಸಿದ ನೆಲವನ್ನು ಅವರು ಬೆತ್ತದ ಕೋಲಿನಿಂದ ಒಮ್ಮೆ ತಟ್ಟಿದರೆ ಸಾಕು, ಅಡಿಯಲ್ಲಿ ಸಿಮೆಂಟು ತುಂಬಿದೆಯೋ ಗಾಳಿ ತುಂಬಿದೆಯೋ, ಆ ಗಾಳಿ ಯಾವ ವಾರ ಒಳಗೆ ಹೊಕ್ಕಿತು ಎಂಬವರೆಗೆ ಹೇಳಿಬಿಡುತ್ತಿದ್ದರು. ಅವರ ಬಾಯಲ್ಲಿ ‘ಟೊಳ್ಳು’ ಎಂದು ಬಂದರೆ ಮುಗಿಯಿತು. ಗಟ್ಟಿಯಾಗಿದ್ದ ಟೈಲ್ಸುಗಳು ಕೂಡ ಆ ಮಾತು ಕೇಳಿ ಅವಮಾನ ತಾಳದೆ ಟೊಳ್ಳಾದ ನಿದರ್ಶನಗಳಿವೆ.

ಇಂಥ ಕಿವಿಯ ಎದುರು ಆ ದಿನ ನಿಲ್ಲಬೇಕಾಗಿ ಬಂದವನು ರಸಮಟ್ಟದ ಮೇಸ್ತ್ರಿ. ರಸಮಟ್ಟ ಎಂದರೆ ಗಾಜಿನ ನಳಿಗೆಯೊಳಗೆ ಗುಳ್ಳೆ ಓಡಾಡಿಸಿ ನೆಲ ಸಮವಾಗಿದೆಯೇ ಎಂದು ತೋರಿಸುವ ಪಟ್ಟಿ. ಈ ಮೇಸ್ತ್ರಿ ಅದನ್ನು ಚೀಲದಲ್ಲೇ ಇಟ್ಟುಕೊಂಡು ಬರಿಗಣ್ಣಲ್ಲಿ ನೆಲ ಹಾಕುತ್ತಿದ್ದ. ಸಂಜೆ ಪಟ್ಟಿ ಇಟ್ಟು ನೋಡಿದರೆ ಗುಳ್ಳೆ ನಡುಮಧ್ಯದಲ್ಲಿ ಕೈಕಟ್ಟಿ ಕೂತಿರುತ್ತಿತ್ತು. ಅದಕ್ಕೇ ಆ ಹೆಸರು. ಮೂವತ್ತು ವರ್ಷದಿಂದ ಅವನು ಕಾಲಲ್ಲಿ ನಡೆದದ್ದಕ್ಕಿಂತ ಮಂಡಿಯಲ್ಲಿ ನಡೆದದ್ದೇ ಹೆಚ್ಚು. ಅಷ್ಟನ್ನೂ ಒಂದೇ ದಿಕ್ಕಿಗೆ ನಡೆದಿದ್ದರೆ ಭೂಮಿಯನ್ನು ಎರಡು ಸುತ್ತು ಸುತ್ತಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದಿತ್ತು.

ಆದರೆ ಭೂಮಿ ಸವೆಯಲಿಲ್ಲ, ಮಂಡಿ ಸವೆಯಿತು. ಮೂರು ವಾರದ ಹಿಂದೆ ಮೂಳೆ ಡಾಕ್ಟರು ಅವನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇದಕ್ಕೆ ಅಸ್ಥಿಸಂಧಿವಾತ ಅಂತ ಹೆಸರು, ಮೂಳೆಯ ತುದಿಗೆ ಹೊದಿಸಿದ ನುಣುಪಾದ ಮೆತ್ತೆ ತೆಳ್ಳಗಾಗಿದೆ ಎಂದು ವಿವರಿಸಿದ್ದರು. ಬಲ ಮಂಡಿ ಜಾಸ್ತಿ, ಎಡ ಮಂಡಿ ಸ್ವಲ್ಪ.

“ಅಂದ್ರೆ ಸಂದಿಗೆ ತುಂಬಿದ್ದು ಉದುರಿಹೋಗಿ, ಟೈಲ್ಸಿಗೆ ಟೈಲ್ಸು ತಾಗ್ತಾ ಇದೆ,” ಅಂದ ಮೇಸ್ತ್ರಿ.

“ಹೆಚ್ಚುಕಡಿಮೆ ಹಾಗೇ.”

“ಮತ್ತೆ ತುಂಬೋಕೆ ಆಗುತ್ತಾ?”

“ಸವೆದದ್ದು ವಾಪಸ್ ಬರಲ್ಲ. ಆದರೆ ಸುತ್ತಲಿನ ಗೋಡೆ ಗಟ್ಟಿ ಮಾಡಬಹುದು,” ಎಂದು ಡಾಕ್ಟರು ಅವನ ತೊಡೆಯನ್ನು ತಟ್ಟಿ ತೋರಿಸಿದ್ದರು. ತೊಡೆಯ ಸ್ನಾಯುವಿಗೆ ದಿನಾ ವ್ಯಾಯಾಮ, ಹೊಟ್ಟೆಯ ಭಾರ ಸ್ವಲ್ಪ ಇಳಿಸುವುದು, ಬಿಗಿ ಹಿಡಿದಾಗ ಬಿಸಿ ಶಾಖ, ನೋವಿನ ಮಾತ್ರೆ ಕೇಳಿಯೇ ನುಂಗುವುದು. ನಡೆಯಬೇಡ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಚೆನ್ನಾಗಿ ನಡೆಯಿರಿ. ಮಂಡಿ ಊರುವುದು, ಕುಕ್ಕರಗಾಲಲ್ಲಿ ಕೂರುವುದು ಮಾತ್ರ ಕಡಿಮೆ ಮಾಡಿ. ಟೈಲ್ಸ್ ಮೇಸ್ತ್ರಿಗೆ ಈ ಮಾತು ಹೇಳುವುದು, ಈಜುವವನಿಗೆ ಒದ್ದೆಯಾಗಬೇಡ ಎಂದು ಹೇಳಿದಂತೆ.

ಒಂದೇ ಒಂದು ದಾರಿಯಿತ್ತು. ನಾಲ್ಕು ಮಹಡಿಯ ಹೊಸ ಆಸ್ಪತ್ರೆ ಏಳುತ್ತಿತ್ತು. ಅದರ ನೆಲದ ಕೆಲಸಕ್ಕೆ ಒಬ್ಬ ಹೆಡ್ ಮೇಸ್ತ್ರಿ ಬೇಕಾಗಿದ್ದ. ಹೆಡ್ ಮೇಸ್ತ್ರಿ ಮಂಡಿ ಊರಬೇಕಿಲ್ಲ; ಕೈ ಹಿಂದೆ ಕಟ್ಟಿಕೊಂಡು ತಿರುಗಾಡುತ್ತ, “ಆ ಮೂಲೆ ಕೂದಲೆಳೆಯಷ್ಟು ಎತ್ತರ ಆಯ್ತು ನೋಡಪ್ಪ” ಎನ್ನುತ್ತಿದ್ದರೆ ಸಾಕು. ಡಾಕ್ಟರು ಬರೆದುಕೊಟ್ಟ ಚೀಟಿಯೇ ಒಂದು ಉದ್ಯೋಗದ ರೂಪ ತಾಳಿ ಬಂದಂತಿತ್ತು. ಆದರೆ ಆರಿಸುವವರು ಇಂಜಿನಿಯರ್ ಸಾಹೇಬರು. ಅವರು ಮೊದಲೇ ಹೇಳಿಬಿಟ್ಟಿದ್ದರು: ಅಲ್ಲಿ ನಾಲ್ಕು ಮಹಡಿ ಹತ್ತಿಳಿಯಬೇಕು, ಮಂಡಿ ಗಟ್ಟಿ ಇಲ್ಲದವರು ಬರಲೇಬೇಡಿ. ಹೀಗೆ, ಮಂಡಿ ಉಳಿಸುವ ಕೆಲಸ ಸಿಗಬೇಕಾದರೆ ಮಂಡಿ ಹಾಳಾಗಿಲ್ಲ ಎಂದು ತೋರಿಸಬೇಕಿತ್ತು. ಮೇಸ್ತ್ರಿ ಎದೆ ತಟ್ಟಿಕೊಂಡು, “ನನ್ನದು ಕಬ್ಬಿಣದ ಮಂಡಿ ಸಾರ್” ಎಂದಿದ್ದ. ಸಾಹೇಬರು, ಹೆಡ್‌ಮೇಡಂ ಮನೆಯ ಹಾಲ್ ನೋಡುತ್ತೇನೆ, ಒಂದೂ ಟೊಳ್ಳಿಲ್ಲದಿದ್ದರೆ ಕೆಲಸ ನಿನ್ನದೇ ಎಂದಿದ್ದರು.

ಬೆಳಿಗ್ಗೆ ಹೊರಡುವಾಗ ಹೆಂಡತಿ ಎಚ್ಚರಿಸಿದಳು.

“ರೀ, ಸಾಹೇಬ್ರ ಮುಂದೆ ಮಾತ್ರ ಕೂತು ಏಳೋಕೆ ಹೋಗಬೇಡಿ. ನೀವು ಎದ್ದರೆ ಪಕ್ಕದ ಕೋಣೆಲಿ ಯಾರೋ ಒಣ ಕಟ್ಟಿಗೆ ಮುರಿದ ಹಾಗೆ ಕೇಳುತ್ತೆ.”

“ಶಬ್ದಕ್ಕೆ ಹೆದರಬೇಡಿ ಅಂದಿದಾರೆ ಡಾಕ್ಟ್ರು.”

“ಡಾಕ್ಟ್ರು ಹೆದರಲ್ಲ ಸರಿ. ಕೆಲಸ ಕೊಡೋರು ಡಾಕ್ಟ್ರಲ್ವಲ್ಲ.”

ಹೆಡ್‌ಮೇಡಂ ಎಂದರೆ ಶಾಲೆಯಿಂದ ನಿವೃತ್ತರಾದ ಮುಖ್ಯೋಪಾಧ್ಯಾಯಿನಿ. ನಿವೃತ್ತರಾದದ್ದು ಶಾಲೆಯಿಂದ ಮಾತ್ರ. ಹೊಸ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ತರಕಾರಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಕೆಲಸದವರ ಹಾಜರಿ ತೆಗೆದುಕೊಳ್ಳುತ್ತಿದ್ದರು. ಒಳಗೆ ಬಡಗಿ ಬಾಗಿಲು ಕೂರಿಸುತ್ತಿದ್ದ, ಪೇಂಟರು ಕಿಟಕಿಗೆ ಬಣ್ಣ ಬಳಿಯುತ್ತಿದ್ದ. ಹಾಲಿನ ನೆಲ ಹಾಲಿನ ಕೆನೆಯಂತೆ ಹೊಳೆಯುತ್ತಿತ್ತು.

ಸಾಹೇಬರು ಬಂದರು. ಅವರ ನಡಿಗೆಯ ಗಾಂಭೀರ್ಯವನ್ನು ವರ್ಣಿಸಲು ಇನ್ನೊಂದು ಪುಸ್ತಕ ಬೇಕು. ಒಂದೊಂದು ಹೆಜ್ಜೆಯನ್ನೂ ಅಳೆದು, ತೂಗಿ, ಸ್ವಲ್ಪ ಯೋಚಿಸಿ ಇಡುತ್ತಿದ್ದರು. ಮೊದಲ ಸಾಲಿನ ಬಳಿ ನಿಂತು, ಕೋಲನ್ನು ಗಿಡ್ಡಕ್ಕೆ ಹಿಡಿದು, ತಟ್ಟಲು ಕುಕ್ಕರಗಾಲಲ್ಲಿ ಕೂತರು.

ಟೈಲ್ಸ್ ಕೆಲಸದಲ್ಲಿ ಒಂದು ಮರ್ಯಾದೆಯಿದೆ. ನೆಲ ಪರೀಕ್ಷೆಗೆ ಇಂಜಿನಿಯರ್ ಕೂತರೆ, ನೆಲ ಹಾಕಿದವನು ನಿಂತಿರಬಾರದು. ತನ್ನ ಕೆಲಸದ ಮೇಲೆ ತನಗೇ ಭರವಸೆಯಿಲ್ಲ, ಓಡಲು ಸಿದ್ಧನಾಗಿದ್ದಾನೆ ಎಂದಾಗುತ್ತದೆ. ಹೆಂಡತಿಯ ಮಾತು ನೆನಪಾಗುವಷ್ಟರಲ್ಲಿ ಮೂವತ್ತು ವರ್ಷದ ಅಭ್ಯಾಸ ಮೇಸ್ತ್ರಿಯನ್ನೂ ಪಕ್ಕದಲ್ಲಿ ಕೂರಿಸಿಬಿಟ್ಟಿತು.

ಕಟಕ್.

ಸಾಹೇಬರ ಕೈಯಲ್ಲಿದ್ದ ಕೋಲು ಗಾಳಿಯಲ್ಲೇ ನಿಂತಿತು. ಇನ್ನೂ ತಟ್ಟಿಯೇ ಇರಲಿಲ್ಲ.

“ಕೇಳಿಸ್ತಾ?” ಅಂದರು.

“ಇಲ್ಲ ಸಾರ್,” ಅಂದ ಮೇಸ್ತ್ರಿ. ಇಡೀ ಬೀದಿಗೆ ಕೇಳಿಸಿತ್ತು.

“ಭಾರ ಬಿದ್ದ ಕೂಡಲೇ ಮಾತಾಡ್ತಿದೆ. ಅಡಿಯಲ್ಲಿ ಬಿಟ್ಟುಕೊಂಡಿದೆ,” ಎಂದು ಸಾಹೇಬರು ಆ ಟೈಲ್ಸಿನ ಮೇಲೆ ಸೀಮೆಸುಣ್ಣದಿಂದ ಗುಣಿಸು ಚಿಹ್ನೆ ಹಾಕಿದರು. ಇಬ್ಬರೂ ಎದ್ದರು. ಏಳುವಾಗ ಇನ್ನೊಂದು ಕಟಕ್. ಪಕ್ಕದ ಟೈಲ್ಸಿಗೂ ಒಂದು ಗುಣಿಸು. ಮುಂದಿನ ಸಾಲಿಗೆ ಹೋದರು, ಕೂತರು, ಎದ್ದರು. ಎರಡು ಗುಣಿಸು. ಕಾಲು ಗಂಟೆಯಲ್ಲಿ ಇಪ್ಪತ್ತು ಟೈಲ್ಸು ಲೆಕ್ಕದ ನಪಾಸು ಪತ್ರಿಕೆಯಂತೆ ಕಾಣತೊಡಗಿದವು.

ಮೇಸ್ತ್ರಿ ಮೊದಲು ಕೆಮ್ಮಿನ ಮೊರೆಹೋದ. ಕೂರುವಾಗ ಒಮ್ಮೆ, ಏಳುವಾಗ ಒಮ್ಮೆ, ಸೈಕಲ್ ಪಂಪಿನಂತೆ ತಪ್ಪದೆ ಕೆಮ್ಮಿದ. ಸಾಹೇಬರ ಕಿವಿ ಕೆಮ್ಮನ್ನು ಸೋಸಿ ಪಕ್ಕಕ್ಕಿಟ್ಟು ಕಟಕ್ಕನ್ನು ಮಾತ್ರ ಹಿಡಿಯಿತು. ಅಂಗಳದಿಂದ ಹೆಡ್‌ಮೇಡಂ, ಕೆಮ್ಮು ಇರುವವರು ಬಾಯಿಗೆ ಕರವಸ್ತ್ರ ಹಿಡಿದುಕೊಳ್ಳಬೇಕೆಂದು ಕೂಗಿ ಹೇಳಿದರು.

ನಲವತ್ತನೇ ಗುಣಿಸು ಬಿದ್ದಾಗ ಸಾಹೇಬರು ನೀರು ಕುಡಿಯಲು ಹೊರಗೆ ಹೋದರು. ಬಡಗಿ ಮತ್ತು ಪೇಂಟರು ಮೇಸ್ತ್ರಿಯನ್ನು ಮೂಲೆಗೆ ಎಳೆದರು. ಅವರಿಗೆ ವಿಷಯ ಆಗಲೇ ಗೊತ್ತಾಗಿತ್ತು. ಮೂರು ತಿಂಗಳು ಒಂದೇ ಮನೆಯಲ್ಲಿ ಕೆಲಸ ಮಾಡಿದವರಿಗೆ ಒಬ್ಬರ ಮಂಡಿಯ ದನಿ ಇನ್ನೊಬ್ಬರಿಗೆ ಗೊತ್ತಿಲ್ಲದಿರುತ್ತದೆಯೇ?

“ನಮ್ಮತ್ತೆಗೆ ಇದೇ ಆಗಿತ್ತು,” ಅಂದ ಪೇಂಟರು. “ಎಲೆಕೋಸಿನ ಎಲೆ ಸುತ್ತಿದ್ವಿ. ಒಂದೇ ಗಂಟೆಲಿ ಎದ್ದು ನನಗೆ ಬಯ್ಯೋಕೆ ಶುರು ಮಾಡಿದ್ರು.”

“ಎಲೆ ಕಟ್ಟು ಅಂತ ಡಾಕ್ಟ್ರು ಹೇಳಿಲ್ಲ,” ಅಂದ ಮೇಸ್ತ್ರಿ.

“ಡಾಕ್ಟ್ರಿಗೇನು ಗೊತ್ತು ನಮ್ಮತ್ತೆ ವಿಷಯ?”

ಪೇಂಟರು ಹೆಡ್‌ಮೇಡಂ ಚೀಲದಿಂದ ಎರಡು ಎಲೆ ಹಾರಿಸಿಕೊಂಡು ಬಂದ. ಪ್ಯಾಂಟಿನೊಳಗೆ ಮಂಡಿಗೆ ಎಲೆ ಸುತ್ತಿ, ಮೇಲೆ ಅಂಟುಪಟ್ಟಿ ಹಾಕಿದರು. ಪರೀಕ್ಷೆ ಮುಂದುವರಿಯಿತು. ಸಾಹೇಬರು ಕೂತರು, ಮೇಸ್ತ್ರಿ ಕೂತ.

ಕಟಕ್. ಅದರ ಹಿಂದೆಯೇ, ಸರಕ್.

ಸಾಹೇಬರು ಕಣ್ಣು ಮುಚ್ಚಿ ಆಲಿಸಿದರು. “ಬರೀ ಬಿಟ್ಟುಕೊಂಡಿರೋದಲ್ಲ. ಅಡಿಯಲ್ಲಿ ಮರಳೂ ಸರಿದಾಡ್ತಿದೆ,” ಎಂದು ಗಂಭೀರವಾಗಿ ಹೇಳಿ, ಆ ಟೈಲ್ಸಿಗೆ ಗುಣಿಸಿನ ಸುತ್ತ ಒಂದು ಸೊನ್ನೆಯನ್ನೂ ಬರೆದರು.

ಎರಡನೇ ವಿರಾಮದಲ್ಲಿ ಬಡಗಿ ರಂಗಕ್ಕಿಳಿದ. ಮಡಚಿದರೆ ತಾನೆ ಸದ್ದು, ಮಡಚದ ಹಾಗೆ ಮಾಡಿಬಿಟ್ಟರೆ? ಬಾಗಿಲ ಚೌಕಟ್ಟಿಗೆ ಕತ್ತರಿಸಿ ಉಳಿದಿದ್ದ ಎರಡು ಪಟ್ಟಿಗಳನ್ನು ಬಲಗಾಲಿನ ಆಚೆ ಈಚೆ ಇಟ್ಟು, ಹುರಿಯಿಂದ ಬಿಗಿದು, ಹುರಿಯ ಗಂಟಿನ ಮೇಲೆ ಅಭಿಮಾನದಿಂದ ಒಂದು ಪೆಟ್ಟು ಕೊಟ್ಟ. ಮೇಸ್ತ್ರಿಯ ಬಲಗಾಲು ಈಗ ಮನೆಯ ಯಾವ ಬಾಗಿಲಿಗಿಂತಲೂ ನೇರವಾಗಿತ್ತು. ಕೂರಲು ಸಾಧ್ಯವಿಲ್ಲದ್ದರಿಂದ, ಸಾಹೇಬರು ಕೂತಾಗಲೆಲ್ಲ ಅವನು ಕಡಿದ ಮರದಂತೆ ಪಕ್ಕಕ್ಕೆ ಉರುಳಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ಮಲಗಬೇಕಾಯಿತು.

“ಇದೇನು?” ಎಂದರು ಸಾಹೇಬರು.

“ಮಟ್ಟ ನೋಡ್ತಿದೀನಿ ಸಾರ್. ಹೊಸ ಪದ್ಧತಿ.”

ಕಟಕ್.

ಮೇಸ್ತ್ರಿಗೆ ದಿಗಿಲಾಯಿತು. ಬಲಗಾಲು ಹಲಗೆಯಲ್ಲಿ ಸೆರೆಯಾಗಿತ್ತು. ಅಂದರೆ ಇದು ಎಡಗಾಲಿನ ಕೆಲಸ. ಇಷ್ಟು ದಿನ ಸುಮ್ಮನಿದ್ದ ಎಡ ಮಂಡಿ, ಅಣ್ಣನನ್ನು ಕಟ್ಟಿಹಾಕಿದ್ದಾರೆಂದು ತಿಳಿದು, ಜವಾಬ್ದಾರಿಯನ್ನು ತಾನೇ ವಹಿಸಿಕೊಂಡಿತಲ್ಲ ಎಂದುಕೊಂಡ. ಮಲಗಿದಲ್ಲಿಂದಲೇ ನೋಡಿದ. ಹಾಲಿನ ತುಂಬ ಗುಣಿಸು ಚಿಹ್ನೆಗಳು ಕಣ್ಣ ಮಟ್ಟದಲ್ಲಿ ಸಾಲುಗಟ್ಟಿದ್ದವು. ಅರವತ್ತೆರಡು. ಅಷ್ಟನ್ನೂ ಒಡೆದು, ಕೆರೆದು, ಮತ್ತೆ ಹಾಕಬೇಕೆಂದರೆ ಅದೇ ಮಂಡಿಯ ಮೇಲೆ ಕೂತು ಹಾಕಬೇಕು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಅವು ಅವನು ಹಾಕಿದ ಟೈಲ್ಸು. ಒಂದೊಂದರ ಅಡಿಗೂ ಸಿಮೆಂಟು ಹಾಲು ಹೊಯ್ದು, ರಬ್ಬರ್ ಸುತ್ತಿಗೆಯಿಂದ ತಟ್ಟಿ, ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದ್ದ. ಯಾವುದೋ ಮಂಡಿಯ ಮಾತಿಗೆ ಅವುಗಳ ಮೇಲೆ ಸುತ್ತಿಗೆ ಬೀಳುವುದನ್ನು ನೋಡಿಕೊಂಡಿರಲು ಅವನಿಂದ ಆಗಲಿಲ್ಲ.

“ಸಾರ್,” ಅಂದ, ನೆಲದಿಂದಲೇ. “ಅದು ಟೈಲ್ಸ್ ಅಲ್ಲ. ನನ್ನ ಮಂಡಿ.”

ಬಣ್ಣದ ಕುಂಚ ನಿಂತಿತು. ಉಳಿ ನಿಂತಿತು. ಮೇಸ್ತ್ರಿ ಎದ್ದು ಕೂತು, ಹುರಿ ಬಿಚ್ಚಿ, ಹಲಗೆ ತೆಗೆದು, ಬಾಡಿದ ಎಲೆಕೋಸನ್ನು ಹೊರಗೆಳೆದು ಮುಂದಿಟ್ಟು, ಎಕ್ಸ್‌ರೇಯಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡ. ಹೆಡ್‌ಮೇಡಂ ಬಾಗಿಲಿಗೆ ಬಂದು ನಿಂತು ಎಲೆಕೋಸನ್ನು ಗುರುತಿಸಿದರು.

ಸಾಹೇಬರು ಸಿಟ್ಟಾಗುತ್ತಾರೆಂದು ಎಲ್ಲರೂ ಕಾದರು. ಅವರು ಸಿಟ್ಟಾಗಲಿಲ್ಲ. ಅವರ ಕುತೂಹಲ ಕೆರಳಿದಂತಿತ್ತು.

“ಬೆಳಿಗ್ಗೆ ಎದ್ದಾಗ ಬಿಗಿ ಹಿಡಿದ ಹಾಗಿರುತ್ತಾ?”

“ಹೌದು ಸಾರ್. ಒಂದು ಹತ್ತು ಹೆಜ್ಜೆ ಹಾಕಿದ ಮೇಲೆ ಸಡಿಲ ಆಗುತ್ತೆ.”

“ಮೆಟ್ಟಿಲು ಹತ್ತುವಾಗ ಹೆಚ್ಚೋ, ಇಳಿಯುವಾಗ ಹೆಚ್ಚೋ?”

“ನನಗೆ ಇಳಿಯುವಾಗ ಸಾರ್.”

“ಒಂದೇ ಕಡೆ ತುಂಬ ಹೊತ್ತು ಕೂತಿದ್ದು ಏಳುವಾಗ, ಯಾರಾದ್ರೂ ನೋಡ್ತಿದಾರಾ ಅಂತ ಮೊದಲು ಸುತ್ತ ನೋಡ್ಬೇಕು ಅನಿಸುತ್ತಾ?”

“ನಿಮಗೆ ಹೇಗೆ ಗೊತ್ತಾಯ್ತು ಸಾರ್?” ಮೇಸ್ತ್ರಿ ಬೆರಗಾದ. ಡಾಕ್ಟರಿಗೂ ಇಷ್ಟು ಒಳಗಿನ ವಿಷಯ ಗೊತ್ತಿರಲಿಲ್ಲ.

ಸಾಹೇಬರು ಗಂಟಲು ಸರಿಮಾಡಿಕೊಂಡರು. ಮಾತು ಬೇಡ, ಪರೀಕ್ಷೆಯಾಗಲಿ, ಎಲ್ಲರೂ ಅಂಗಳಕ್ಕೆ ನಡೆಯಿರಿ, ನಾನೊಬ್ಬನೇ ಒಳಗೆ ಕೂತು ನೋಡುತ್ತೇನೆ, ಸದ್ದು ಬರದಿದ್ದರೆ ಮೇಸ್ತ್ರಿ ಹೇಳಿದ್ದು ನಿಜ, ಅರವತ್ತೆರಡೂ ಪಾಸು ಎಂದರು. ಇಂಥ ನ್ಯಾಯವಂತರು ಲೋಕದಲ್ಲಿ ಕೋಟಿಗೊಬ್ಬರು.

ಬಾಗಿಲು ಮುಚ್ಚಿತು. ಅಂಗಳದಲ್ಲಿ ಹೆಡ್‌ಮೇಡಂ ಬೆರಳು ತುಟಿಗಿಟ್ಟರು; ಬೀದಿಯ ನಾಯಿಯೂ ಬಾಲ ಆಡಿಸುವುದನ್ನು ನಿಲ್ಲಿಸಿತು. ಮೇಸ್ತ್ರಿ ಕಲ್ಲಿನ ಕಟ್ಟೆಯ ಮೇಲೆ ಎರಡೂ ಕಾಲು ಚಾಚಿ, ಉಸಿರನ್ನೂ ಮಡಚದೆ ಕೂತ. ಕೆಲಸ ಹೋಯಿತು, ಅದು ಗೊತ್ತಿತ್ತು. ನೆಲ ಉಳಿಯಿತಲ್ಲ ಎಂಬ ಒಂದು ಸಮಾಧಾನ. ಒಳಗೆ ಹಸಿ ಬಣ್ಣದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಸಾಹೇಬರು ಗೋಡೆಗೆ ಎಡಗೈ ಕೊಟ್ಟು ಮೆಲ್ಲಗೆ ಇಳಿದರು.

ತೆರೆದ ಕಿಟಕಿಯಿಂದ, ಸ್ಪಷ್ಟವಾಗಿ, ಕಟಕ್.

ಬಡಗಿ ಪೇಂಟರ ಮುಖ ನೋಡಿದ. ಪೇಂಟರು ಮೇಸ್ತ್ರಿಯ ಮಂಡಿ ನೋಡಿದ. ಮೇಸ್ತ್ರಿ ತನ್ನ ಎರಡು ಅಂಗೈಗಳನ್ನು ನೋಡಿಕೊಂಡ.

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಸಾಹೇಬರ ಮುಖ ಮಳೆಗೆ ಸಿಕ್ಕಿದ ಪ್ಲೈವುಡ್ಡಿನಂತೆ ಉಬ್ಬಿತ್ತು. ಐದು ಜನರ ಐದು ಜೊತೆ ಕಣ್ಣು ಅವರ ಮೇಲಿತ್ತು. ಅವರು ಯಾರನ್ನೂ ನೋಡಲಿಲ್ಲ.

“ಒಡೀರಿ,” ಎಂದರು.

ನಾನು ಸ್ವಲ್ಪ ಹೆಚ್ಚು ಹೇಳಿದೆ, ಐದು ಜನರಲ್ಲ, ನಾಲ್ಕೇ ಜನ. ನಾಯಿಯನ್ನೂ ಸೇರಿಸಿದ್ದೆ.

ಅರವತ್ತೆರಡು ಟೈಲ್ಸು ಒಡೆಯಲು ಎರಡು ದಿನ ಹಿಡಿಯಿತು. ಅವು ಎಷ್ಟು ಗಟ್ಟಿಯಾಗಿ ಕಚ್ಚಿಕೊಂಡಿದ್ದವೆಂದರೆ, ಒಂದೊಂದು ಏಳುವಾಗಲೂ ಅಡಿಯ ಕಾಂಕ್ರೀಟನ್ನು ಕೂಡ ತಬ್ಬಿಕೊಂಡು ಎದ್ದು ಬಂತು. ಟೊಳ್ಳು ಎಲ್ಲಿದೆ ಎಂದು ಮೇಸ್ತ್ರಿ ಪ್ರತಿಯೊಂದನ್ನೂ ತಿರುಗಿಸಿ ನೋಡಿದ. ಸಿಗಲಿಲ್ಲ. ಸಾಹೇಬರ ಕಿವಿ ಸುಳ್ಳು ಹೇಳುವುದಿಲ್ಲ, ಅಂದಮೇಲೆ ತನ್ನ ಕಣ್ಣು ಹೋಗಿರಬೇಕು ಎಂದು ತೀರ್ಮಾನಿಸಿಕೊಂಡ. ಮತ್ತೆ ಮೂರು ದಿನ ಮಂಡಿಯೂರಿ ಹೊಸದು ಹಾಕಿದ. ಅಂದಿನಿಂದ ರಸಮಟ್ಟವನ್ನು ಚೀಲದಿಂದ ತೆಗೆದು, ಅಂಗುಲಕ್ಕೊಮ್ಮೆ ಇಟ್ಟು ನೋಡತೊಡಗಿದ. ಹೆಡ್ ಮೇಸ್ತ್ರಿಯ ಕೆಲಸ ಬೇರೆ ಯಾರಿಗೋ ಆಯಿತು.

ಆರು ವಾರದ ನಂತರ ಮೇಸ್ತ್ರಿ, ಡಾಕ್ಟರು ಕಳಿಸಿದ ವ್ಯಾಯಾಮದ ಕೋಣೆಯಲ್ಲಿ ಮಂಚದ ಮೇಲೆ ಅಂಗಾತ ಮಲಗಿದ್ದ. ಕಣಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು, ಕಾಲನ್ನು ನೇರವಾಗಿ ಎತ್ತಿ, ಹತ್ತು ಎಣಿಸಿ ಇಳಿಸಬೇಕು. ಪಕ್ಕದ ಮಂಚಕ್ಕೆ ಒಬ್ಬರು ಗೋಡೆ ಹಿಡಿದುಕೊಂಡು ಬಂದರು. ಇಂಜಿನಿಯರ್ ಸಾಹೇಬರು.

ಮೇಸ್ತ್ರಿಗೆ ಎದ್ದು ನಿಲ್ಲಬೇಕೆನಿಸಿತು, ಆದರೆ ಕಾಲಿಗೆ ಮರಳಿನ ಚೀಲವಿತ್ತು. ಸಾಹೇಬರು, ಸುಮ್ಮನೆ ತಪಾಸಣೆಗೆ ಬಂದೆ, ಈ ಕಟ್ಟಡದ ಗೋಡೆ ಹೇಗಿದೆ ನೋಡೋಣ ಎಂದು ಬಂದೆ ಎಂದರು. ಮಲಗಿದ ಇಬ್ಬರಿಗೂ ಮಾತಾಡುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಮೇಸ್ತ್ರಿ ಆ ದಿನದ ತನ್ನ ಪಾಡನ್ನೆಲ್ಲ, ಹೆಂಡತಿ ಹೇಳಿದ ಮಾತು, ಪೇಂಟರ ಅತ್ತೆ, ಅಣ್ಣ ತಮ್ಮ ಮಂಡಿಗಳು, ಒಂದೂ ಬಿಡದೆ ಹೇಳಿದ. “ನನ್ನ ಕೈ ಹೋಯ್ತು ಸಾರ್,” ಎಂದು ಕೊನೆಗೆ ಸೇರಿಸಿದ. “ಮಂಡಿ ಹೋದ್ರೆ ಹೋಗ್ಲಿ. ಕೈ ಹೋಯ್ತಲ್ಲ.”

ಅಷ್ಟರಲ್ಲಿ ವ್ಯಾಯಾಮ ಮಾಡಿಸುವಾಕೆ ಬಂದು, ಸಾಹೇಬರ ಬಲಗಾಲನ್ನು ಹಿಡಿದು, ಮೆಲ್ಲಗೆ ಮಡಚಿದಳು.

ಕಟಕ್.

ಮೇಸ್ತ್ರಿಯ ಎಣಿಕೆ ಏಳಕ್ಕೆ ನಿಂತಿತು. ಅವನು ದಿಂಬಿನ ಮೇಲೆ ತಲೆ ಹೊರಳಿಸಿದ. ಆ ದನಿಯನ್ನು ಅವನು ನೂರು ಸದ್ದಿನ ಮಧ್ಯೆಯೂ ಗುರುತಿಸಬಲ್ಲವನಾಗಿದ್ದ. ಅರವತ್ತೆರಡು ಸಲ ಕೇಳಿದ್ದ. ಆಗ ಸಾಹೇಬರು ಒಂದು ಕ್ಷಣ ಚಾವಣಿಯನ್ನು ಪರೀಕ್ಷಿಸಿ... ಇನ್ನು ಎಷ್ಟು ಹೊತ್ತು ನನ್ನನ್ನು ನಾನೇ ಸಾಹೇಬರು, ಸಾಹೇಬರು ಎಂದು ಕರೆದುಕೊಂಡಿರಲಿ? ಆಗ ನಾನು ಒಪ್ಪಿಕೊಂಡೆ.

ಆ ದಿನ ಬಾಗಿಲು ಮುಚ್ಚಿದ ಮೇಲೆ ನಾನು ಹಾಲಿನಲ್ಲಿ ಕೂತೆ, ಸದ್ದು ಬಂತು. ಅನುಮಾನವಾಗಿ ಅಡುಗೆಮನೆಗೆ ಹೋಗಿ ಕೂತೆ. ಅಲ್ಲಿ ಇನ್ನೂ ಟೈಲ್ಸೇ ಹಾಕಿರಲಿಲ್ಲ, ಬರೀ ಒರಟು ನೆಲ. ಅಲ್ಲೂ ಕಟಕ್. ಗೋಡೆ ಹಿಡಿದು ಎದ್ದೆ. ಹೊರಗೆ ನಾಲ್ಕು ಜನ ಕೇಳಿಸಿಕೊಂಡಿದ್ದರು. ಟೈಲ್ಸ್ ಟೊಳ್ಳು ಅನ್ನಬೇಕು, ಇಲ್ಲವೇ ನಾನು ಟೊಳ್ಳು ಅನ್ನಬೇಕು. ಆಸ್ಪತ್ರೆಯ ನಾಲ್ಕು ಮಹಡಿಯ ಉಸ್ತುವಾರಿ ಸಿಗಲೆಂದು, ನನ್ನದು ಇಪ್ಪತ್ತರ ಹುಡುಗನ ಮಂಡಿ ಎಂದು ಮೇಲಿನವರ ಮುಂದೆ ಹಿಂದಿನ ದಿನವಷ್ಟೇ ಹೇಳಿ ಬಂದಿದ್ದೆ.

ಮೇಸ್ತ್ರಿ ಎತ್ತಿದ್ದ ಕಾಲನ್ನು ಮೆಲ್ಲಗೆ ಇಳಿಸಿದ.

“ಹಾಗಾದ್ರೆ ಆ ಅರವತ್ತೆರಡೂ ಗಟ್ಟಿನೇ ಇತ್ತಾ ಸಾರ್?”

“ಬಂಡೆ ಹಾಗಿತ್ತು ಮೇಸ್ತ್ರಿ.”

ಅವನ ಮುಖ ಒಮ್ಮೆ ಅರಳಿತು. ಆಮೇಲೆ ಏನೋ ಲೆಕ್ಕ ಹಾಕಿದವನಂತೆ ಮತ್ತೆ ಮುದುಡಿತು.

“ಆದರೆ ಆಮೇಲೆ ಹಾಕಿದ್ದು ನೋವಲ್ಲಿ ಹಾಕಿದ್ದು ಸಾರ್. ಸರಿಯಾಗಿ ಕೂರೋಕೇ ಆಗ್ತಿರಲಿಲ್ಲ. ಅದರಲ್ಲಿ ಹದಿನೈದಾದ್ರೂ ಟೊಳ್ಳಿರುತ್ತೆ. ನೀವು ಬಂದು ನೋಡಿ, ಒಂದೂ ಇಲ್ಲ ಅಂತ ಪಾಸು ಮಾಡಿಬಿಟ್ರಿ. ಸಾಹೇಬ್ರ ಕಿವಿಗೇ ಕೇಳಿಸಲಿಲ್ಲ ಅಂದ್ಮೇಲೆ ಇರಲಾರದು ಅಂತ ನಾನೂ ಸುಮ್ಮನಾದೆ. ನಿಜ ಹೇಳಿ ಸಾರ್, ಕೇಳಿಸಲಿಲ್ವಾ?”

ನಿಜ ಹೇಳಿದೆ. ಹೊಸ ನೆಲ ನೋಡಲು ಬಂದ ದಿನ ನಾನು ಕೂರಲೇ ಇಲ್ಲ. ಬಾಗಿಲಲ್ಲಿ ನಿಂತು ನೋಡಿ ಹೊರಟುಹೋದೆ.